ಅಕುಮು ಅವರ ಮೀಟರ್ ಬಳಿ ಯಾರೂ ಊದುವಂತಿಲ್ಲ

ಸರೋವರದಂಚಿನ ಉಸೆಂಗೆ ದಡದಲ್ಲಿ ಇನ್ನೂ ಸರಿಯಾಗಿ ಬೆಳಗಾಗಿಲ್ಲ. ದೋಣಿಯ ಹಲಗೆ ಮೇಲೆ ಕೂತ ಪೆರಿಸ್ ಅಕುಮು, ಪುಟ್ಟ ಲೋಟದ ತಳಕ್ಕೆ ಒದ್ದೆ ಸ್ಪಂಜಿನ ಚೂರು ಹಾಕಿ ಮೀಟರಿನ ಕೋಲನ್ನು ಇಳಿಬಿಡುತ್ತಾರೆ. ಆ ತೇವದ ಗಾಳಿಯಲ್ಲಿ ಅಂಕಿಯನ್ನು ಶೇಕಡಾ ನೂರಕ್ಕೆ ಹೊಂದಿಸಬೇಕು. ಆಮೇಲಷ್ಟೇ, ಸರೋವರದ ನೀರಲ್ಲಿ ಎಷ್ಟು ಆಮ್ಲಜನಕ ಕರಗಿದೆ ಎಂದು ಅದು ಹೇಳುವುದನ್ನು ನಂಬಬಹುದು.

ಬಲೆಗೂಡುಗಳಲ್ಲಿ ತಿಲಾಪಿಯ ಮೀನು ಸಾಕುವ ಇಲ್ಲಿನ ಹೆಂಗಸರ ಗುಂಪಿಗೆ ನೀರು ನೋಡುವವರು ಇವರೇ. ನೀರಿನ ಅಳತೆ ಲೀಟರಿಗೆ ಮೂರು ಮಿಲಿಗ್ರಾಂ ಮೇಲಿದ್ದರೆ ಮೇವು. ಕೆಳಗಿಳಿದರೆ ಮೇವಿಲ್ಲ, ಗೂಡುಗಳನ್ನು ಆಳದ ಕಡೆ ಎಳೆಯಬೇಕು; ಹೊಟ್ಟೆ ತುಂಬಿದ ಮೀನಿಗೆ ಉಸಿರು ಹೆಚ್ಚು ಬೇಕು. ಮೊದಲೆಲ್ಲ ಅಕುಮು ದಡದಲ್ಲಿ ಒಮೆನಾ ಎಂಬ ಸಣ್ಣ ಮೀನು ಒಣಗಿಸುತ್ತಿದ್ದರು. ಹೋದ ಮಳೆಗಾಲದಲ್ಲಿ ತಳದ ಆಮ್ಲಜನಕವಿಲ್ಲದ ಕೆಟ್ಟ ನೀರು ಮೇಲೆದ್ದು, ಗುಂಪಿನ ಮೀನೆಲ್ಲ ಸತ್ತು ತೇಲಿದವು. ಗುಂಡಿ ತೋಡಿ ಹೂತವರಲ್ಲಿ ಇವರೂ ಒಬ್ಬರು. ಮೀಟರ್ ಬಂದಾಗ ಕಲಿಯುತ್ತೇನೆಂದು ಮುಂದೆ ಬಂದದ್ದು ಅದಕ್ಕೇ.

ಇಂದು ಪಾಚಿ ಕಟ್ಟಿ ನೀರು ಹಸಿರಾಗಿದೆ; ಆಮ್ಲಜನಕ ಇಳಿಯುವ ಸೂಚನೆ. ಮೀನು ಮುಂದಿನ ವಾರ ಮಾರುಕಟ್ಟೆಗೆ ಹೋಗಬೇಕು. ಗೂಡಿನೊಳಗೆ ಇಳಿದ ಕೋಲು 3.3 ತೋರಿಸುತ್ತದೆ.

“ಬಂತಲ್ಲಾ! ಹಾಕ್ರೇ ಮೇವು,” ಎನ್ನುತ್ತಾರೆ ಗುಂಪಿನ ಹಿರಿಯಾಕೆ, ಎಲ್ಲರ ಬಾಯಲ್ಲೂ ಒಗಾಲೋನ ಅಮ್ಮ.

“ತಡೀರಮ್ಮ, ಇನ್ನೊಂದ್ಸಲ ಲೋಟದಲ್ಲಿಟ್ಟು ನೋಡ್ತೀನಿ.”

“ನಿಮ್ಮ ಅಲೇಗೋ ಸೀಮೆ ಕಡೆ ಹೆಣ್ಮಕ್ಕಳೇ ಹಿಂಗೆ. ಬಾಗಿಲು ಹಾಕಿ ಅರ್ಧ ದಾರಿ ಬಂದು, ಹಾಕಿದ್ನಾ ಅಂತ ವಾಪಸ್ ಹೋಗ್ತಾರೆ!”

ಅಕುಮು ನಗುತ್ತಲೇ ಲೋಟವನ್ನು ಗಾಳಿಗೆ ಬೀಸಿ, ಕೋಲು ಒರೆಸಿ ಮತ್ತೆ ಇಡುತ್ತಾರೆ. ನೂರು ಇರಬೇಕಾದಲ್ಲಿ ನೂರಾ ಮೂವತ್ತು!

“ಇದರೊಳಗೆ ಊದಿದ್ಯಾರು?”

ದೋಣಿ ನಡೆಸುವ ಒವಾಗ ತಲೆ ಕೆರೆದುಕೊಳ್ಳುತ್ತಾನೆ. “ನಾನೇ ಅಕ್ಕಾ. ನೂರಕ್ಕೆ ಹೊಂದಿಸೋ ಮುಂಚೆ ನೀನು ದೋಣಿಯೊಳಗಿನ ನೀರು ಎತ್ತಿ ಹಾಕ್ತಿದ್ದೆ. ಕೋಲಿನ ತುದೀಲಿ ಹನಿ ಕೂತಿತ್ತು. ಲೋಟದ ಬಾಯಲ್ಲೇ ಊದಿ ಆರಿಸ್ದೆ, ಹಂಗೇ ಒಳಗಿಟ್ಟು ಗಟ್ಟಿಯಾಗಿ ಮುಚ್ಚಿದೆ.”

ಒಮೆನಾ ಮೇಲಿನ ಮರಳನ್ನು ಊದಿ ಊದಿಯೇ ಬೆಳೆದ ದಡ ಇದು. ಇಲ್ಲಿ ಯಾರಿಗಾದರೂ ಬಾಯಿ ತಾನಾಗೇ ಮುಂದೆ ಬರುತ್ತದೆ.

“ನೀನು ಬಿಟ್ಟ ಉಸಿರಲ್ಲಿ ಆಮ್ಲಜನಕ ಕಮ್ಮಿ ಕಣೋ. ಅದನ್ನೇ ನೂರು ಅಂದ್ಕೊಂಡು ಮೀಟರ್ ಈಗ ಎಲ್ಲಾನೂ ಜಾಸ್ತಿ ಹೇಳ್ತಿದೆ. ಬಟ್ಟೇಲಿ ಒರೆಸ್ಬೇಕು, ಊದ್ಬಾರ್ದು.”

ಸೊಂಟಕ್ಕೆ ಸುತ್ತಿದ ಲೆಸೋ ಬಟ್ಟೆ ಬಿಚ್ಚಿ ಲೋಟಕ್ಕೆ ನೆರಳು ಮಾಡಿ, ಅಂಕಿ ಕದಲದೆ ನಿಲ್ಲುವವರೆಗೆ ಕಾಯುತ್ತಾರೆ. ಹೊಸದಾಗಿ ಹೊಂದಿಸಿ ನೀರಿಗೆ ಇಳಿಸಿದರೆ 2.5.

ಒಗಾಲೋನ ಅಮ್ಮನೇ ಮೇವಿನ ಚೀಲದ ಬಾಯಿ ಕಟ್ಟಿ, ಗೂಡು ಎಳೆಯುವ ಹಗ್ಗವನ್ನು ಮೊದಲು ಹಿಡಿಯುತ್ತಾರೆ.

ಸಂಜೆ ಆಳದ ಕಡೆ ಅಳತೆ 4.6. ಮೇವು ಬಿದ್ದದ್ದೇ ತಡ, ನೀರು ಕುದಿದ ಹಾಗೆ ಮೀನು ಮೇಲೆ ನುಗ್ಗುತ್ತವೆ. ಅಕುಮು ನೋಡುತ್ತಾ ನಿಂತು, ಪಕ್ಕದವರಿಗೆ ಹೇಳುತ್ತಾರೆ.

“ನಂಗೇನು ಬೇಕು ಹೇಳಿ? ಇನ್ನೊಬ್ಬಳು ಈ ಮೀಟರ್ ಕಲಿತ್ರೆ ಸಾಕು. ಒಂದು ಭಾನುವಾರ ಬೆಳಕು ಹರಿಯೋವರೆಗೂ ಮಲಗ್ಬೇಕು ನಾನು.”

ಪಕ್ಕದಲ್ಲಿ ಒಗಾಲೋನ ಅಮ್ಮ ಬಿಸಿ ಚಹಾದ ಲೋಟ ಹಿಡಿದು, ಮೀಟರಿಗೆ ಬೆನ್ನು ಮಾಡಿ ಕೂತು, ಮೆಲ್ಲಗೆ ಊದುತ್ತಾರೆ.

“ಈಗ ಊದಿ ಅಮ್ಮ, ಪರವಾಗಿಲ್ಲ,” ಅಕುಮು ಮೀಟರಿನ ಪೆಟ್ಟಿಗೆಯ ಮುಚ್ಚಳ ಹಾಕುತ್ತಾರೆ. “ಇವತ್ತಿನ ಮಟ್ಟಿಗೆ ಎಲ್ಲರೂ ಉಸಿರಾಡ್ತಿದ್ದಾರೆ.”