ಕ್ಯಾಂಪ್‌ಬೆಲ್ಲಿನ ಜಾರ್ಜ್ ವಾಷಿಂಗ್ಟನ್

ಡೆನ್ನಿಸ್ ಸಿಲ್ವೇರಾ ಅವರ ಮೊಣಕಾಲಿಗೆ ಆಪರೇಷನ್ ಆದ ವರ್ಷ ಅಮೆರಿಕದ ಕ್ಯಾಂಪ್‌ಬೆಲ್ ಎಂಬ ಊರಿಗೆ ಹೊಸ ಜಾರ್ಜ್ ವಾಷಿಂಗ್ಟನ್ ಒಬ್ಬರು ಬೇಕಾದರು. ಅಲ್ಲಿಯವರೆಗೆ ಪ್ರತಿ ಫೆಬ್ರವರಿಯಲ್ಲೂ, ಪ್ರೆಸಿಡೆಂಟ್ಸ್ ಡೇ ರಜೆಯ ಹಿಂದಿನ ಶನಿವಾರ, ಡೆನ್ನಿಸ್ ನೀಲಿ ಕೋಟು ತೊಟ್ಟು, ಬಿಳಿ ಕೂದಲಿನ ವಿಗ್ ಏರಿಸಿಕೊಂಡು ಊರಿನ ಸಮುದಾಯ ಭವನದಲ್ಲಿ ಮಕ್ಕಳಿಗೆ ಅಮೆರಿಕದ ಕ್ರಾಂತಿಯ ಕಥೆ ಹೇಳುತ್ತಿದ್ದರು. ಅವರು ನಿವೃತ್ತ ಪ್ಲಂಬರ್. ಅವರ ಅಜ್ಜ ಪೋರ್ಚುಗಲ್ಲಿನ ಯಾವುದೋ ದ್ವೀಪದಿಂದ ಬಂದು, ಈ ಕಣಿವೆಯೆಲ್ಲ ಏಪ್ರಿಕಾಟ್ ತೋಟವಾಗಿದ್ದ ಕಾಲದಲ್ಲಿ ಹಣ್ಣು ಕೀಳುತ್ತಿದ್ದವರು.

ಕೋಟು ಉದ್ದನೆಯದು. ತೊಡುವವರು ಆರಡಿಗೆ ಮೀರಿದ ಆಳಾಗಬೇಕು. ಬೇಲಿಯಾಚೆಯ ಮನೆಯ ಮುನಿರಾಜು ಹಾಗಿದ್ದರು.

"ನಾನು ಇಂಡಿಯನ್ನು, ಡೆನ್ನಿಸ್," ಎಂದು ಮುನಿರಾಜು ನಕ್ಕರು.

"ನಾನು ಪೋರ್ಚುಗೀಸು. ಕೋಟಿಗೆ ಅದೆಲ್ಲ ಗೊತ್ತಾಗೋದಿಲ್ಲ," ಎಂದರು ಡೆನ್ನಿಸ್.

ಮುನಿರಾಜು ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದರಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದು, ಆಗಷ್ಟೇ ಕೆಲಸ ಬಿಟ್ಟಿದ್ದರು. ಮಾತು ಕಡಿಮೆ. ಮಂಡ್ಯ ಕಡೆಯವರು ಎನ್ನುವುದು ಬಿಟ್ಟರೆ ಕನ್ನಡ ಕೂಟದವರಿಗೂ ಅವರ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ. ಯುಗಾದಿಯ ಊಟದ ಸಾಲಿನಲ್ಲಿ ಯಾರಾದರೂ, "ಮಂಡ್ಯದಲ್ಲಿ ಯಾವ ಊರು? ಯಾರ ಪೈಕಿ?" ಎಂದು ಕೆದಕಿದರೆ ಅವರು ಹಪ್ಪಳ ಬಡಿಸುವವರನ್ನು ಕೂಗಿ ಮಾತು ತಪ್ಪಿಸುತ್ತಿದ್ದರು. ಅಂಥವರು ಜನರೆದುರು ವೇಷ ಹಾಕಲು ಒಪ್ಪಿದ್ದು ಹೆಂಡತಿ ಹುಚ್ಚಮ್ಮನಿಗೇ ಆಶ್ಚರ್ಯ. "ಮನೇಲಿ ಕೂತು ಗೋಡೆ ನೋಡೋದ್ಕಿಂತ ವಾಸಿ, ಹೋಗಿ," ಎಂದು ಆಕೆ ಕೋಟಿನ ಸೊಂಟವನ್ನು ಹಿಡಿಸಿ ಹೊಲಿದುಕೊಟ್ಟರು.

ಆ ಕೆಲಸ ಅವರಿಗೆ ಒಗ್ಗಿತು. ಮೊದಲ ವರ್ಷ ಯಾರೋ ಹಿಂದಿನಿಂದ, "ಜಾರ್ಜ್, ಬಿಸಿಲಿಗೆ ಹೋಗಿ ಕಪ್ಪಗಾಗಿದ್ದೀಯಾ?" ಎಂದು ಕೂಗಿದಾಗ ಎಲ್ಲರೊಟ್ಟಿಗೆ ತಾವೂ ನಕ್ಕರು. ಚಳಿಯಲ್ಲಿ ನದಿ ದಾಟಿದ್ದು, ಸೋತು ಸೋತು ಕೊನೆಗೆ ಗೆದ್ದದ್ದು, ಎಲ್ಲವನ್ನೂ ಹೇಳಿದರು. ಯುದ್ಧ ಗೆದ್ದ ಮೇಲೆ ವಾಷಿಂಗ್ಟನ್ ದೊರೆಯಾಗಲು ಹವಣಿಸದೆ ಸೇನಾಪತಿಯ ಅಧಿಕಾರವನ್ನು ಒಪ್ಪಿಸಿ ಮನೆಗೆ ಹೊರಟ ಘಟ್ಟವನ್ನು ಅವರು ಎರಡೆರಡು ಸಲ ಹೇಳುತ್ತಿದ್ದರು. ಕೈಗೆ ಬಂದದ್ದನ್ನು ಒಬ್ಬ ಮನುಷ್ಯ ತಾನಾಗಿ ಬಿಟ್ಟುಕೊಟ್ಟ ಎನ್ನುವುದು ಅವರಿಗೆ ಬಹಳ ದೊಡ್ಡ ಸಂಗತಿಯಾಗಿ ಕಂಡಿತ್ತು. ಡೆನ್ನಿಸ್ ಊರುಗೋಲಿನ ಮೇಲೆ ಬಂದು ಮುಂದಿನ ಸಾಲಿನಲ್ಲಿ ಕೂತು ನೋಡಿ, "ನನಗಿಂತ ನೀನೇ ವಾಸಿ," ಎಂದರು.

ಹೀಗೆ ಒಂದೆರಡು ವರ್ಷ ನಡೆಯಿತು. ಮಗಳು ತೇಜಸ್ವಿನಿ ಮೌಂಟನ್ ವ್ಯೂನಲ್ಲಿ ಅಪಾರ್ಟ್‌ಮೆಂಟ್ ಮಾಡಿಕೊಂಡು ಅಲ್ಲೇ ಕೆಲಸದಲ್ಲಿದ್ದಳು. ಭಾನುವಾರ ಮುದ್ದೆ ಉಣ್ಣಲು ಮನೆಗೆ ಬಂದವಳು ಒಂದು ದಿನ ಕೇಳಿದಳು:

"ಅಪ್ಪಾ, ಯು ನೋ ಹಿ ಓನ್ಡ್ ಪೀಪಲ್, ರೈಟ್?"

"ಯಾರು?"

"ವಾಷಿಂಗ್ಟನ್. ಮನುಷ್ಯರನ್ನ ಗುಲಾಮರಾಗಿ ಇಟ್ಕೊಂಡಿದ್ದ. ನೂರಾರು ಜನ. ನೀನು ಮಕ್ಕಳಿಗೆ ಆ ಪಾರ್ಟು ಹೇಳೋದೇ ಇಲ್ವಲ್ಲ?"

ಆತನ ತೋಟದಲ್ಲಿ ಆಳುಗಳಿದ್ದರು ಎಂದು ಮುನಿರಾಜುಗೆ ಗೊತ್ತಿತ್ತು. ಅದರಾಚೆ ಅವರು ಯೋಚಿಸಿರಲಿಲ್ಲ, ಅಥವಾ ಯೋಚಿಸಲು ಮನಸ್ಸು ಮಾಡಿರಲಿಲ್ಲ. ಆ ವಾರವೆಲ್ಲ ಲೈಬ್ರರಿಯಲ್ಲಿ ಕೂತು ಓದಿದರು. ಓನಾ ಜಡ್ಜ್ ಎಂಬ ಹುಡುಗಿಯ ವಿಷಯ ಸಿಕ್ಕಿತು. ವಾಷಿಂಗ್ಟನ್ನನ ಮನೆಯಲ್ಲೇ ಹುಟ್ಟಿ, ಮನೆಯೊಡತಿಗೆ ಬಟ್ಟೆ ತೊಡಿಸುತ್ತಿದ್ದವಳು. ಮನೆಯವರು ಊಟಕ್ಕೆ ಕೂತಿದ್ದಾಗ ಹೊರಗೆ ನಡೆದವಳು ಮತ್ತೆ ಹಿಂದಿರುಗಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ತಂದುಕೊಟ್ಟ ಮನುಷ್ಯ ಅವಳನ್ನು ಹಿಡಿದು ತರಿಸಲು ಜನ ಕಳಿಸಿದ. ಅವಳು ಅವರ ಕೈಗೆ ಸಿಕ್ಕಲಿಲ್ಲ. ಆತ ಸಾಯುವ ಮುಂಚೆ ತನ್ನ ಉಯಿಲಿನಲ್ಲಿ ತನ್ನ ಆಳುಗಳಿಗೆಲ್ಲ ಬಿಡುಗಡೆ ಬರೆದಿಟ್ಟ. ಅವಳು ಅವನ ಹೆಂಡತಿಯ ಕಡೆಯ ಆಸ್ತಿ, ಹಾಗಾಗಿ ಆ ಬಿಡುಗಡೆಯಲ್ಲಿ ಅವಳು ಸೇರಲೂ ಇಲ್ಲ.

ಮುನಿರಾಜು ಮನೆಗೆ ಬಂದು ಹುಚ್ಚಮ್ಮನ ಎದುರು ಕೂತರು. "ನಾನು ಈ ಸಲ ಹಾಕಲ್ಲ ಕಣೆ ವೇಷ."

"ಯಾಕೆ?"

"ಗೌಡ್ರ ವೇಷ ಹಾಕ್ದಂಗೆ ಆಯ್ತದೆ."

ಹುಚ್ಚಮ್ಮನಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ಮುನಿರಾಜು ಹುಟ್ಟಿದ್ದು ಮದ್ದೂರಿನ ಆಚೆಯ ಒಂದು ಹಳ್ಳಿಯ ಹೊರಗಿನ ಕೇರಿಯಲ್ಲಿ. ಅವರ ಅಪ್ಪ ಊರ ಗೌಡರ ಮನೆಯಲ್ಲಿ ಜೀತಕ್ಕಿದ್ದರು. ಅಪ್ಪನ ಅಪ್ಪನೂ ಅಲ್ಲೇ ಇದ್ದವರು. ಜೀತ ಕೂಡದು ಎಂಬ ಕಾನೂನು ಬಂದಾಗ ಮುನಿರಾಜು ಇನ್ನೂ ಮಿಡ್ಲ್ ಸ್ಕೂಲಿನ ಹುಡುಗ. ಗೌಡರು ಕೆಟ್ಟ ಮನುಷ್ಯರೆಂದು ಊರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೈಸ್ಕೂಲಿಗೆ ಜಾಗ ಕೊಟ್ಟವರು ಅವರೇ, ಆ ಶಾಲೆಗೆ ಅವರದೇ ಹೆಸರು. ಮುನಿರಾಜು ಓದಿದ್ದು ಅದೇ ಶಾಲೆಯಲ್ಲಿ. ಬಹುಮಾನದ ದಿನ ಬೆನ್ನು ತಟ್ಟಿ, "ಚೆನ್ನಾಗಿ ಓದಪ್ಪ," ಎಂದವರೂ ಅವರೇ. ಆ ಕೈಯನ್ನು ನೆನೆದಾಗ ಏನನ್ನಿಸಬೇಕು ಎನ್ನುವುದು ಇಷ್ಟು ವರ್ಷವಾದರೂ ಅವರಿಗೆ ತೀರ್ಮಾನವಾಗಿರಲಿಲ್ಲ.

ಡೆನ್ನಿಸ್‌ಗೆ ವಿಷಯ ತಿಳಿಸಿದಾಗ ಅವರು ಮುಖ ಸಪ್ಪಗೆ ಮಾಡಿಕೊಂಡರು. "ಎಲ್ಲರೂ ಈಗ ಆತನನ್ನ ಕೆಡವೋಕೇ ನಿಂತಿದ್ದಾರೆ. ನೀನೂನಾ?"

"ಕೆಡವೋಕಲ್ಲ. ಅರ್ಧ ಕಥೆ ಹೇಳೋಕೆ ನನ್ನ ಕೈಲಿ ಆಗ್ತಿಲ್ಲ."

ಡೆನ್ನಿಸ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆದರೆ ಕೆಲವು ದಿನಗಳ ನಂತರ ಅವರೇ ನಿಂಬೆಹಣ್ಣಿನ ಬುಟ್ಟಿ ಹಿಡಿದು ಬೇಲಿಯ ಹತ್ತಿರ ಬಂದರು. "ಹಾಗಾದರೆ ಪೂರ್ತಿ ಕಥೆ ಹೇಳು. ಕೋಟು ಹಾಕಿಕೊಂಡೇ ಹೇಳು. ನಾನು ಕೇಳ್ತೀನಿ."

ಆ ಫೆಬ್ರವರಿಯಲ್ಲಿ ಹುಚ್ಚಮ್ಮನ ಜೊತೆ ತೇಜಸ್ವಿನಿಯೂ ಬಂದಿದ್ದಳು. ಮುನಿರಾಜು ನದಿ ದಾಟಿದ್ದನ್ನು ಹೇಳಿದರು, ಅಧಿಕಾರ ಬಿಟ್ಟುಕೊಟ್ಟದ್ದನ್ನು ಎಂದಿನಂತೆ ಎರಡು ಸಲ ಹೇಳಿದರು. ಆಮೇಲೆ ಓನಾ ಜಡ್ಜ್ ಊಟದ ಹೊತ್ತಿನಲ್ಲಿ ಬಾಗಿಲು ದಾಟಿದ ಕಥೆ ಹೇಳಿದರು. ಒಬ್ಬ ತಂದೆ ಎದ್ದು ತನ್ನ ಮಗನ ಕೈ ಹಿಡಿದು ಹೊರಗೆ ನಡೆದ. ಉಳಿದವರು ಕೂತಿದ್ದರು. ಎರಡು ಜಡೆಯ ಸಣ್ಣ ಹುಡುಗಿಯೊಬ್ಬಳು ಕೈ ಎತ್ತಿದಳು.

"ನೀವು ಅವಳನ್ನ ಯಾಕೆ ಬಿಡಲಿಲ್ಲ?"

ಅವಳು ಕೇಳಿದ್ದು ವಾಷಿಂಗ್ಟನ್ನನನ್ನು. ಮುನಿರಾಜು ವಿಗ್ ತೆಗೆದು ಕುರ್ಚಿಯ ಮೇಲಿಟ್ಟರು.

"ಅವರ ಉತ್ತರ ನನಗೆ ಗೊತ್ತಿಲ್ಲಮ್ಮ," ಎಂದರು ಇಂಗ್ಲಿಷಿನಲ್ಲಿ. "ನನ್ನ ಹೆಸರು ಮುನಿರಾಜು. ನಮ್ಮಪ್ಪ ಒಬ್ಬರ ಮನೆಯಲ್ಲಿ ಹಾಗೇ ಇದ್ದರು. ಅವರಿಗೆ ಅಲ್ಲಿಂದ ಹೋಗೋಕೆ ಬಿಡ್ತಿರಲಿಲ್ಲ. ನಮ್ಮ ಯಜಮಾನರೂ ಊರಿಗೆ ಒಳ್ಳೆಯವರೇ. ಅವರು ಯಾಕೆ ಬಿಡಲಿಲ್ಲ ಅಂತ ನಾನೂ ಕೇಳಬೇಕು ಅಂತಿದ್ದೆ. ಕೇಳಲಿಲ್ಲ."

ಹುಡುಗಿ ಯೋಚಿಸಿದಳು. "ಈಗ ನಿಮ್ಮಪ್ಪ ಎಲ್ಲಿದ್ದಾರೆ?"

"ತೀರಿಹೋದರು. ಸ್ವತಂತ್ರವಾಗಿ ಬಾಳಿ, ಮುದುಕರಾಗಿ ತೀರಿಹೋದರು."

"ಓಕೆ," ಎಂದು ಹುಡುಗಿ ಸಮಾಧಾನದಿಂದ ಕೂತಳು. ಮುಂದಿನ ಸಾಲಿನಲ್ಲಿ ಡೆನ್ನಿಸ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಹಿಂದೆ ಗೋಡೆಗೆ ಒರಗಿ ನಿಂತಿದ್ದ ತೇಜಸ್ವಿನಿಯ ಮುಖ ಬಿಳಿಚಿಕೊಂಡಿತ್ತು. ಅಜ್ಜನ ಈ ಸಂಗತಿ ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು.

ಮನೆಗೆ ಹೋಗುವಾಗ ಕಾರು ಅವಳೇ ಓಡಿಸಿದಳು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ, "ವೈ ಡಿಡ್ಂಟ್ ಯು ಟೆಲ್ ಮಿ, ಅಪ್ಪಾ?" ಎಂದಳು.

"ನೀನು ಎಲ್ಲೂ ತಲೆ ತಗ್ಗಿಸಬಾರದು ಅಂತ."

"ನಾನ್ಯಾಕೆ ತಗ್ಗಿಸ್ಲಿ? ತಗ್ಗಿಸಬೇಕಾದವರು ಅವರು."

ಹಿಂದಿನ ಸೀಟಿನಿಂದ ಹುಚ್ಚಮ್ಮ, "ನಾನೂ ಅದನ್ನೇ ಹೇಳ್ತಾ ಬಂದಿವ್ನಿ. ಕೇಳಿದ್ರೆ ತಾನೆ?" ಎಂದರು.

ಸುದ್ದಿ ಕೂಟದವರಿಗೂ ಮುಟ್ಟಿತು. ಎಲ್ ಕಮೀನೋ ರಸ್ತೆಯ ಇಂಡಿಯನ್ ಗ್ರೋಸರಿಯಲ್ಲಿ ಹುರುಳಿಕಾಯಿ ಆರಿಸುತ್ತಿದ್ದ ಜಗನ್ನಾಥ ಎಂಬ ಹಿರಿಯರು ಮುನಿರಾಜುವನ್ನು ಪಕ್ಕಕ್ಕೆ ಕರೆದರು. ಮೈಸೂರಿನವರು, ಮೃದು ಮಾತಿನವರು.

"ತಪ್ಪು ತಿಳ್ಕೋಬೇಡಿ. ನಮ್ಮ ದೇಶದ ಇಂಥ ವಿಷಯ ಹೊರಗಿನವರ ಮುಂದೆ ಬೇಕಿತ್ತಾ? ಇಲ್ಲಿ ನಾವೆಲ್ಲ ಒಂದೇ ಅಲ್ವಾ?"

"ಒಂದೇ ಆಗಿದ್ರೆ, ಸಾರ್, ನೀವು ನನ್ನ ಯಾರ ಪೈಕಿ ಅಂತ ಕೇಳ್ತಿರ್ಲಿಲ್ಲ," ಎಂದರು ಮುನಿರಾಜು. ಸಿಟ್ಟಿನಿಂದಲ್ಲ. ಜಗನ್ನಾಥರು ಹುರುಳಿಕಾಯಿಯ ಚೀಲಕ್ಕೆ ಗಂಟು ಹಾಕುತ್ತ ನಿಂತರು. ಆಮೇಲೆ, "ಕೇಳಿದ್ದೆ, ಹೌದು," ಎಂದರು. ಇಬ್ಬರೂ ಒಟ್ಟಿಗೆ ಬಿಲ್ಲಿನ ಸಾಲಿನಲ್ಲಿ ನಿಂತರು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಮುಂದಿನ ಯುಗಾದಿಯ ಊಟಕ್ಕೆ ಜಗನ್ನಾಥರು ಖುದ್ದಾಗಿ ಫೋನು ಮಾಡಿ ಕರೆದರು. ಇನ್ನೊಂದಿಬ್ಬರು ಕಂಡರೂ ಕಾಣದವರಂತೆ ಸರಿದುಹೋದರು. ಮುನಿರಾಜು ಹಪ್ಪಳ ಕೇಳಿ ಹಾಕಿಸಿಕೊಂಡು ನೆಮ್ಮದಿಯಾಗಿ ಉಂಡರು.

ಫೆಬ್ರವರಿಯ ಕಾರ್ಯಕ್ರಮ ಈಗಲೂ ನಡೆಯುತ್ತಿದೆ. ವಾಷಿಂಗ್ಟನ್ ದೊಡ್ಡವನೋ ಅಲ್ಲವೋ ಎಂದು ಯಾರಾದರೂ ಕೇಳಿದರೆ ಮುನಿರಾಜು, "ಕಥೆ ಪೂರ್ತಿ ಕೇಳಿ, ನೀವೇ ಹೇಳಿ," ಎನ್ನುತ್ತಾರೆ. ತೇಜಸ್ವಿನಿ ಭಾನುವಾರ ಮುದ್ದೆಯ ಮುಂದೆ ಕೂತು ಅಜ್ಜನ ಬಗ್ಗೆ ಕೇಳುತ್ತಾಳೆ. ಅರ್ಥವಾಗದ ಮಾತುಗಳನ್ನು ನಿಲ್ಲಿಸಿ ನಿಲ್ಲಿಸಿ ಬಿಡಿಸಿಕೊಳ್ಳುತ್ತಾಳೆ. ಬಿಡುಗಡೆಯಾದ ದಿನ ಅಜ್ಜ ಏನು ಮಾಡಿದರು ಎಂದು ಒಮ್ಮೆ ಕೇಳಿದಳು.

"ಅವತ್ತಲ್ಲ, ಮಾರನೇ ಬೆಳಿಗ್ಗೆ," ಎಂದರು ಮುನಿರಾಜು. "ಅಭ್ಯಾಸ ನೋಡು, ಕೋಳಿ ಕೂಗೋ ಮುಂಚೆ ಎದ್ದು ಗೌಡ್ರ ಕೊಟ್ಟಿಗೆ ಕಡೆ ಹೊರಟೇಬಿಟ್ರು. ಅರ್ಧ ದಾರೀಲಿ ಜ್ಞಾಪಕ ಬಂತಂತೆ. ವಾಪಸ್ ಬಂದು ನನ್ನನ್ನ ಎಬ್ಬಿಸಿದ್ರು. ಬಾ ಅಂತ ನಾಲೆ ಏರಿ ಮೇಲೆ ಕರ್ಕೊಂಡು ಹೋದ್ರು. ಇಬ್ರೂ ನೀರಿಗೆ ಕಾಲು ಇಳಿಬಿಟ್ಟು ಕೂತ್ಕೊಂಡ್ವಿ."

"ಏನು ಹೇಳಿದ್ರು?"

"ಏನೂ ಇಲ್ಲ. ಹೊತ್ತು ಹುಟ್ಟಿ ಮೇಲೆ ಬರೋ ತನಕ ಸುಮ್ನೆ ಕೂತಿದ್ರು. ನಮ್ಮಪ್ಪ ಬಿಸಿಲು ಬಂದ್ಮೇಲೂ ಸುಮ್ನೆ ಕೂತಿದ್ದನ್ನ ನಾನು ಅವತ್ತೇ ಮೊದಲು ನೋಡಿದ್ದು."