ನೀಟಪ್ಪ ಕತ್ತರಿಸಿದ ಎಲೆಗಳು

ಕ್ಷೌರದಂಗಡಿಯವನಿಗೆ ನೀಟಪ್ಪ ಎಂದು ಹೆಸರಿಟ್ಟವರು ಅವನ ಗಿರಾಕಿಗಳೇ. ಹೆಸರಿಗೆ ತಕ್ಕ ಮನುಷ್ಯ. ಗೋಡೆಯ ಕ್ಯಾಲೆಂಡರ್ ಒಂದು ಕೂದಲೆಳೆ ವಾಲಿದರೂ ಅವನಿಗೆ ಕೈ ಓಡದು. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಕಿವಿಯ ಹಿಂದಿನ ಕೂದಲನ್ನು ನೋಡುವ ಇಂಥವನ ಜೊತೆ ಬಾಳುವುದು ಎಷ್ಟು ಕಷ್ಟವೆಂದು ಅವನ ಹೆಂಡತಿಯೇ ಹೇಳಬೇಕು. ಅವಳು ಹೇಳಿದವಳಲ್ಲ.

ಅವಳ ಪ್ರಪಂಚ ಮನೆಯ ಹಿಂದಿನ ಕೈತೋಟ. ಬೇಲಿಯ ಬದಿಗೆ ಗುಲಾಬಿ, ಕಿಟಕಿಯ ಕೆಳಗಿನ ಪಾತಿಯಲ್ಲಿ ಡ್ಯಾಫೊಡಿಲ್ ಗಡ್ಡೆಗಳು. ಚಳಿ ಕಳೆಯುವಾಗ, ಬೇರೆ ಗಿಡಗಳು ಕಣ್ಣು ಬಿಡುವ ಮೊದಲೇ ಆ ಪಾತಿಯ ತುಂಬ ಹಳದಿ ಹೂ. ಗಂಡನನ್ನು ಅವಳು ಗುಲಾಬಿಯ ಹತ್ತಿರ ಮಾತ್ರ ಬಿಟ್ಟುಕೊಂಡಿದ್ದಳು. ಹೊರಗೆ ಮುಖ ಮಾಡಿದ ಚಿಗುರಿಗಿಂತ ತುಸು ಮೇಲೆ ಓರೆಯಾಗಿ ಕತ್ತರಿಸಬೇಕೆಂದು ಒಮ್ಮೆ ತೋರಿಸಿಕೊಟ್ಟಳು, ಅಷ್ಟೇ. ಕತ್ತರಿ ಅವನಿಗೇನು ಹೊಸದೇ? ಅವನು ಕತ್ತರಿಸಿದ ಗುಲಾಬಿಗಳು ವರ್ಷವರ್ಷವೂ ಮೈತುಂಬ ಹೂಬಿಟ್ಟವು. ಕತ್ತರಿಸಿದಷ್ಟೂ ಗಿಡಕ್ಕೆ ಒಳ್ಳೆಯದು ಎಂದು ನೀಟಪ್ಪ ತೀರ್ಮಾನಿಸಿದ್ದು ಹೀಗೆ.

ಹೋದ ವರ್ಷದ ವಸಂತದಲ್ಲಿ ಅವಳು ಉಸಿರಾಡಲಾಗದೆ ಆಸ್ಪತ್ರೆ ಸೇರಿದಳು. ಅಷ್ಟರಲ್ಲಿ ಡ್ಯಾಫೊಡಿಲ್ ಹೂಗಳು ಬಾಡಿ, ಉದ್ದನೆಯ ಹಸಿರೆಲೆಗಳು ಪಾತಿಯ ತುಂಬ ಅಡ್ಡಾದಿಡ್ಡಿ ಬಿದ್ದುಕೊಂಡಿದ್ದವು. ನೀಟಪ್ಪನಿಗೆ ತಡೆಯಲಾಗಲಿಲ್ಲ. ಅವಳು ಮನೆಗೆ ಬರುವ ಹಿಂದಿನ ದಿನ ಅಂಗಡಿಯ ಕತ್ತರಿ ತಂದು, ಮಂಡಿಯೂರಿ ಕೂತು, ಅಷ್ಟೂ ಎಲೆಗಳನ್ನು ನೆಲಮಟ್ಟಕ್ಕೆ ಸವರಿ ಪಾತಿಯನ್ನು ಗುಡಿಸಿಟ್ಟ. ಮರುದಿನ ಅವಳು ಅವನ ಹೆಗಲು ಹಿಡಿದು ಬಂದವಳು ಪಾತಿಯ ಮುಂದೆ ಸುಮಾರು ಹೊತ್ತು ನಿಂತಳು. ಚೆನ್ನಾಗಿದೆ ಎಂದಳು. ಅವನು ಹಿಗ್ಗಿ ಹೀರೇಕಾಯಿಯಾದ.

ಚಳಿಗಾಲದ ಮೊದಲಲ್ಲಿ ಪಾರ್ಕಿನ ಮಾಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದಾಗ ನೀಟಪ್ಪ ತನ್ನ ತೋಟಗಾರಿಕೆಯ ಬಡಾಯಿ ಕೊಚ್ಚಿಕೊಂಡ. ಮಾಲಿ ಕನ್ನಡಿಯಲ್ಲೇ ಅವನನ್ನು ನೋಡಿದ.

"ಹಸಿರೆಲೆ ಕತ್ತರಿಸಿಬಿಟ್ರಾ? ಅದು ತಾನಾಗೇ ಒಣಗೋವರೆಗೂ ಮುಟ್ಟಬಾರದು ಕಣ್ರೀ. ಎಲೆಯಿಂದಲೇ ಗಡ್ಡೆಗೆ ಊಟ. ಈ ಸಲ ಹೂ ಮರೆತುಬಿಡಿ."

ಅಂದಿನಿಂದ ನೀಟಪ್ಪನಿಗೆ ಊಟ ಸೇರಲಿಲ್ಲ. ಬೇಸಿಗೆಯವರೆಗೆ ಅವಳು ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿಯಾಗಿತ್ತು. ಮಂಚವನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದವನೂ ಅವನೇ, ಹೂ ಕಾಣಲೆಂದು. ನರ್ಸರಿಯಿಂದ ಹೂಬಿಟ್ಟ ಡ್ಯಾಫೊಡಿಲ್ ಕುಂಡ ತಂದು ನೆಟ್ಟುಬಿಡೋಣ ಎಂದುಕೊಂಡ. ತನ್ನ ಪಾತಿಯ ಹೂವನ್ನು ಗುರುತಿಸದಷ್ಟು ಪೆದ್ದಿಯೇ ಅವಳು? ದಿನಾ ಬೆಳಿಗ್ಗೆ ಅವಳ ತಲೆ ಬಾಚುತ್ತ, ಇನ್ನೇನು ನಿನ್ನ ಹೂ ಬಂದೇಬಿಟ್ಟವು ಎನ್ನುತ್ತಿದ್ದ. ಬರಲಿ ನೋಡೋಣ ಎನ್ನುತ್ತಿದ್ದಳು ಅವಳು. ಅಂಗಡಿಯಲ್ಲಿ ಒಬ್ಬರ ಕಿವಿಗೆ ಕತ್ತರಿ ತಾಗಿಸಿ ರಕ್ತ ಬರಿಸಿದ. ಜನ್ಮದಲ್ಲಿ ಹಾಗಾದದ್ದು ಅದೇ ಮೊದಲು.

ಚಳಿ ಕಳೆಯಿತು. ಎಲೆಗಳು ಪುಷ್ಕಳವಾಗಿಯೇ ಬಂದವು. ನೀಟಪ್ಪ ಅವುಗಳನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಮೊಗ್ಗು ಹುಡುಕಿದ. ಒಂದೂ ಇರಲಿಲ್ಲ. ಒಳಗೆ ಬಂದು ಮಂಚದ ತುದಿಯಲ್ಲಿ ಕುಸಿದು, ಎಲ್ಲ ಹೇಳಿಕೊಂಡ.

ಅವಳು ಉಸಿರು ಕೂಡಿಸಿಕೊಳ್ಳುತ್ತ ಹೇಳಿದಳು: "ಆಸ್ಪತ್ರೆಯಿಂದ ಬಂದ ದಿನವೇ ಗೊತ್ತಾಯ್ತು ನಂಗೆ. ನೀವು ಅಷ್ಟು ಖುಷಿಯಾಗಿ ನಿಂತಿದ್ರಿ. ಹೇಳೋಕೆ ಬಾಯಿ ಬರಲಿಲ್ಲ."

ಇಡೀ ಚಳಿಗಾಲ ಅವನು ಹೇಳಿದ್ದ ಸುಳ್ಳನ್ನು ಅವಳು ಸುಳ್ಳೆಂದು ಗೊತ್ತಿದ್ದೇ ಕೇಳಿಸಿಕೊಂಡಿದ್ದಳು.

"ಈ ಸಲ ಎಲೆ ಮುಟ್ಟಬೇಡಿ" ಎಂದಳು. "ಬರೋ ವರ್ಷ ಹೂ ಬರ್ತವೆ."

ಗುಲಾಬಿ ಮೊಗ್ಗು ಕಟ್ಟುವ ಮೊದಲೇ ಅವಳು ಹೋದಳು. ಮಾತಾಡಿಸಲು ಬರುವ ಜನರ ಕಣ್ಣಿಗೆ ಕೈತೋಟ ಚೊಕ್ಕಟವಾಗಿರಲೆಂದು ಅವಳ ತಂಗಿ ಕತ್ತರಿ ಹಿಡಿದು ಹಿತ್ತಲಿಗೆ ಇಳಿದಳು. ಎಲೆಗಳು ಅರ್ಧ ಬಾಡಿ, ಸಿಕ್ಕುಸಿಕ್ಕಾಗಿ ನೆಲದ ಮೇಲೆ ಹರಡಿದ್ದವು. ಭಾವನಿಗೆ ಇಂಥದ್ದು ಕಂಡರೆ ಆಗದೆಂದು ಅವಳಿಗೆ ಗೊತ್ತಿತ್ತು.

ಗಡ್ಡ ಬಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ ನೀಟಪ್ಪ ಎದ್ದು ಬಂದು ಅವಳ ಕೈಯಿಂದ ಕತ್ತರಿ ತೆಗೆದುಕೊಂಡ.

"ಬಿಡಮ್ಮ" ಎಂದ. "ಇನ್ನೂ ಹಸಿರಿದೆ."