ಶೀನಣ್ಣನ ಬೋಟಿನ ಫೋಮ್

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಒಂದು ಎಪ್ರಿಲ್. ಬ್ರಹ್ಮಾವರದ ಬಳಿಯ ಫೋಮ್ ಕಾರ್ಖಾನೆಯೊಂದರ ಪ್ರಯೋಗಾಲಯಕ್ಕೆ ನಾನು ಮುಖ್ಯಸ್ಥ. ಗಂಗೊಳ್ಳಿಯ ಶೀನಣ್ಣ ನನ್ನ ಮಾತು ನಂಬಿ, ಐಸ್ ಹಾಕಿ ಮೀನಿಡುವ ಕೋಣೆಗೆ ಹೊಸ ಫೋಮ್ ಹಾಕಿಸಲು ತಮ್ಮ ಮರದ ಬೋಟನ್ನು ದಡಕ್ಕೆ ಎಳೆಸಿದ್ದರು. ಜೂನ್‌ನಲ್ಲಿ ಮೀನುಗಾರಿಕೆ ನಿಷೇಧ ಶುರುವಾಗುತ್ತದೆ. ಅಷ್ಟರೊಳಗೆ ಅವರು ಕಡಲಿಗಿಳಿಯಬೇಕಿತ್ತು.

ಪಾಲಿಯುರೆಥೇನ್ ಫೋಮ್ ಎಂದರೆ ಎರಡು ದ್ರವ ಬೆರೆತು, ಉಬ್ಬಿ, ಗಟ್ಟಿಯಾಗುವ ನೊರೆ. ಒಳಗಿನ ತೂತುಗಳು ಸಣ್ಣವಾಗಿ, ಮುಚ್ಚಿಕೊಂಡಿದ್ದಷ್ಟೂ ಐಸ್ ನಿಧಾನವಾಗಿ ಕರಗುತ್ತದೆ. ಅದಕ್ಕಾಗಿ ನಾನು ನ್ಯಾನೊ ಸಿಲಿಕಾ ಪುಡಿ ಸೇರಿಸುತ್ತಿದ್ದೆ. ಕಣ್ಣಿಗೆ ಕಾಣದ ಅದರ ಕಣಗಳ ಮೇಲೆ ಗುಳ್ಳೆ ಹುಟ್ಟುವುದರಿಂದ, ಕೆಲವೇ ದೊಡ್ಡ ಗುಳ್ಳೆಗಳ ಬದಲು ಲೆಕ್ಕವಿಲ್ಲದಷ್ಟು ಸಣ್ಣವು ಏಳುತ್ತವೆ.

ಕಾರ್ಖಾನೆಯಲ್ಲಿ ಚೆನ್ನಾಗಿ ಬಂದದ್ದು ಬೋಟಿನಲ್ಲಿ ಕೈಕೊಟ್ಟಿತು. ಪರೀಕ್ಷೆಗೆ ಸುರಿದ ತುಂಡನ್ನು ಕತ್ತರಿಸಿದರೆ ನೀರ್‌ದೋಸೆಯ ತೂತುಗಳು. ಪುಡಿ ಗಂಟು ಕಟ್ಟಿದೆಯೆಂದು ಮಿಕ್ಸರ್ ಬದಲಿಸಿದೆ. ಮತ್ತೆ ಅದೇ. ನಾನು ಮೊದಲೇ ಕೂತಲ್ಲಿ ಕೂರದ ಮನುಷ್ಯ. ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಬೋಟಿನಲ್ಲಿ ದುಡಿಯುವ ಕಲಾಸಿಗಳೆಲ್ಲರ ಎದುರೇ ಹರಿಹಾಯ್ದೆ: "ನಿಮ್ಮ ಹಲಗೆಯೇ ಹಾಳಾಗಿದೆ, ಶೀನಣ್ಣ." ಹಲಗೆ ಹಾಳಾದ ಬೋಟನ್ನು ಯಾರು ಹತ್ತುತ್ತಾರೆ? ಮರುದಿನವೇ ಇಬ್ಬರು ಕಲಾಸಿಗಳು ಬೇರೆ ಬೋಟು ಹುಡುಕತೊಡಗಿದರು.

ಮೂರನೆಯ ಪರೀಕ್ಷೆಯ ದಿನ ಮನಸ್ಸು ತಡೆಯದೆ ಮೊದಲ ಬಸ್ಸಿಗೇ ಹೊರಟೆ. ಹೋಗಿ ನೋಡಿದರೆ ಶೀನಣ್ಣ ಕೋಣೆಗೆ ಕೊಡಪಾನಗಟ್ಟಲೆ ಬಾವಿನೀರು ಹೊಯ್ದು ತೊಳೆಯುತ್ತಿದ್ದರು.

"ಇದೆಂಥದು?" ಎಂದೆ.

"ನೀರ್ ಹಾಕ್ದೆ ಬೋಟಲ್ಲಿ ಹೊಸ ಕೆಲ್ಸ ಶುರು ಮಾಡೂಕಾತ್ತಾ? ದಿನಾ ನೀವ್ ಬಪ್ಪತ್ತಿಗೆ ಒರ್ಸಿ ಇಡ್ತೆ."

ನಾನು ಬಗ್ಗಿ ಹಲಗೆ ಮುಟ್ಟಿ ನೋಡಿದೆ. ಒರೆಸಿದರೂ ಮರ ಹೀರಿದ ನೀರು ಒಳಗೇ ಇರುತ್ತದೆ. ಫೋಮ್‌ನ ರಾಸಾಯನಿಕಕ್ಕೆ ನೀರು ತಾಗಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಗುಳ್ಳೆ ದೊಡ್ಡದಾಗುತ್ತದೆ. ಇದು ನನಗೆ ಕಾಲೇಜಿನಿಂದಲೂ ಗೊತ್ತಿದ್ದ ಪಾಠ. ಎಪ್ರಿಲ್ ಬಿಸಿಲಲ್ಲಿ ತೇವ ಎಲ್ಲಿಂದ ಎಂದುಕೊಂಡು ಅದನ್ನು ಅಳೆಯುವ ಮೀಟರನ್ನು ಕಚೇರಿಯಲ್ಲೇ ಬಿಟ್ಟಿದ್ದೆ.

ಎರಡು ದಿನ ಫ್ಯಾನ್ ಹಾಕಿ ಒಣಗಿಸಿದೆವು. ಶೀನಣ್ಣ ಶಾಸ್ತ್ರಕ್ಕೆ ಬೋಟಿನ ಮೂತಿಗೆ ಒಂದು ಚೊಂಬು ನೀರು ಹಾಕಿದರು. ಈ ಸಲ ಕತ್ತರಿಸಿದ ತುಂಡಿನಲ್ಲಿ ತೂತು ಕಾಣಲು ಭೂತಗನ್ನಡಿ ಬೇಕಾಯಿತು. ನಾನು ಹಿಗ್ಗಿ ಅದನ್ನು ಅವರ ಕೈಗಿಟ್ಟೆ. ಅವರು ಅದರತ್ತ ನೋಡಲೇ ಇಲ್ಲ.

"ಹಂಗಾರೆ ಹಲ್ಗಿ ಒಳ್ಳೇದೇ ಅಲ್ದಾ?"

"ಒಳ್ಳೆಯದೇ. ತಪ್ಪು ನನ್ನದು."

"ಅದನ್ನ್ ಕಲಾಸಿಗಳ್ ಎದ್ರೂ ಒಂದ್ ಸಲ ಹೇಳ್ತ್ರ್ಯಾ?"

ಕಲಾಸಿಗಳನ್ನೆಲ್ಲ ಕರೆಸಿ, ಹಿಂದೆ ಕೂಗಿದಷ್ಟೇ ಗಟ್ಟಿಯಾಗಿ ಹೇಳಿದೆ. ಕಾರಣ ತಿಳಿಯುವ ಮೊದಲು ಬೇರೆಯವರ ಮೇಲೆ ತಪ್ಪು ಹೊರಿಸಬಾರದೆಂದು ಈ ಕೆಲಸ ನನಗೆ ಕಲಿಸಿದ್ದು ಆ ದಿನ. ಅಷ್ಟರಲ್ಲಿ ಬೇರೆ ಬೋಟಿಗೆ ಹೊರಟುಹೋಗಿದ್ದ ಇಬ್ಬರಲ್ಲಿ ಒಬ್ಬ ಮಾತ್ರ ವಾಪಸು ಬಂದ.